ನೇಪಾಳ ಮಾಂತ್ರಿಕ ನಮ್ಮ ಶಾಲೆಯ ಗೋಡೆಗೆ ಬಂದದ್ದು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಒಪ್ಪಿಕೊಂಡೆ. ಆಮೇಲೆ ಯೋಚನೆಗೆ ಬಿದ್ದೆ. ಮಸ್ಕಿಯ ಶಾಸನ, ಮುದಗಲ್ಲ ಕೋಟೆ, ಹಟ್ಟಿಯ ಚಿನ್ನದ ಗಣಿ, ಇವುಗಳ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ. ನಾನು ಲಿಂಗಸುಗೂರು ತಾಲ್ಲೂಕಿನಲ್ಲಿ ಚಿತ್ರಕಲಾ ಶಿಕ್ಷಕ. ನನಗೆ ಬುಡದಿಂದ ತುದಿಯವರೆಗೆ ಗೊತ್ತಿರುವುದು ಒಂದೇ ಒಂದು ಚಿತ್ರದ ಇತಿಹಾಸ. ಅದನ್ನೇ ಬರೆಯುತ್ತೇನೆ.

1983ರ ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ನಮ್ಮ ಶಾಲೆಯ ಹಿಂದಿನ ಗೋಡೆಯ ಮೇಲೆ ಆಳೆತ್ತರದ ಒಬ್ಬ ಗಡ್ಡದ ಮನುಷ್ಯ ಇದ್ದಿಲಿನಲ್ಲಿ ಮೂಡಿ ನಿಂತಿದ್ದ. ಆಗ ಓದುತ್ತಿದ್ದವರಿಗೆ ನೆನಪಿದ್ದೀತು. ನಾಲ್ಕು ದಿನ ಇದ್ದ, ಐದನೆಯ ದಿನ ಸುಣ್ಣ ಬಳಿದರು. ಅವನನ್ನು ಬರೆದವರು ಯಾರು ಎಂಬುದಕ್ಕೆ ನಮ್ಮ ಬ್ಯಾಚಿನವರಲ್ಲಿ ಇಂದಿಗೂ ಒಂದು ಉತ್ತರ ಇದೆ. ಆ ಉತ್ತರ ತಪ್ಪು.

ಮೊದಲು ಗಡ್ಡದವನು ಯಾರೆಂದು ಹೇಳಬೇಕು. ಅವನು 'ಪಾತಾಳ ಭೈರವಿ' ಸಿನಿಮಾದ ನೇಪಾಳ ಮಾಂತ್ರಿಕ. ಮದ್ರಾಸಿನ ವಿಜಯಾ ಸಂಸ್ಥೆಯ ನಾಗಿರೆಡ್ಡಿ ಮತ್ತು ಚಕ್ರಪಾಣಿ 1951ರಲ್ಲಿ ತೆಗೆದ ತೆಲುಗು ಚಿತ್ರ ಅದು. ನಿರ್ದೇಶನ ಕೆ.ವಿ. ರೆಡ್ಡಿ, ಕಥೆ ಮತ್ತು ಮಾತು ಪಿಂಗಳಿ ನಾಗೇಂದ್ರರಾವ್, ಛಾಯಾಗ್ರಹಣ ಮಾರ್ಕಸ್ ಬಾರ್ಟ್ಲಿ. ಉಜ್ಜಯಿನಿಯ ತೋಟದ ಮಾಲಿಯ ಮಗ ರಾಮುಡು ರಾಜಕುಮಾರಿಯನ್ನು ಮೆಚ್ಚುತ್ತಾನೆ. ರಾಜನಿಗೆ ಸಮನಾದ ಸಂಪತ್ತು ತಂದರೆ ಮಾತ್ರ ಮದುವೆ. ಅದೇ ಹೊತ್ತಿಗೆ ಒಬ್ಬ ಮಾಂತ್ರಿಕನಿಗೆ ದೇವಿಗೆ ಬಲಿ ಕೊಡಲು ಧೈರ್ಯವಂತ ಹುಡುಗನೊಬ್ಬ ಬೇಕಾಗಿರುತ್ತಾನೆ. ರಾಮುಡು ಆಗಿದ್ದವರು ಎನ್.ಟಿ. ರಾಮರಾವ್. ಮಾಂತ್ರಿಕನಾಗಿದ್ದವರು ಎಸ್.ವಿ. ರಂಗರಾವ್. ಪರದೆಯ ಮೇಲೆ ಅರವತ್ತು ದಾಟಿದ ಮುದುಕನಂತೆ ಕಾಣುವ ಆ ಮನುಷ್ಯನಿಗೆ ಆಗ ನಿಜವಾಗಿ 32 ವರ್ಷ. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಅವರು ಹುಟ್ಟಿದ್ದು 1918ರಲ್ಲಿ ಎಂದು ಓದಿದಾಗ. 1952ರ ಜನವರಿಯಲ್ಲಿ ಮುಂಬಯಿಯಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದಾಗ ಈ ಚಿತ್ರವನ್ನು ಅಲ್ಲಿ ತೋರಿಸಿದರು.

ಮದ್ರಾಸಿನ ಮಾಂತ್ರಿಕ ಸಿಂಧನೂರು ಸೀಮೆಗೆ ಹೇಗೆ ಬಂದ? ಕಾಲುವೆಯ ಜೊತೆ ಬಂದ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಾಗ ನದಿಯ ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. ನಮ್ಮಜ್ಜನ ಕಾಲದಲ್ಲಿ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು, 1953ರಲ್ಲಿ ಕಾಲುವೆಗೆ ನೀರು ಬಂತು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ 'ಪಾತಾಳ ಭೈರವಿ' ತೆರೆಕಂಡ ವರ್ಷ ನಾವಿನ್ನೂ ಹೈದರಾಬಾದು ಸಂಸ್ಥಾನದವರೇ. ವಾರಂಗಲ್ಲಿನವರೂ ಔರಂಗಾಬಾದಿನವರೂ ನಾವೂ ಒಂದೇ ಸರಕಾರದ ಕೆಳಗಿದ್ದೆವು. ತೆಲುಗು ನಮಗೆ ಆಗ ಬೇರೆ ರಾಜ್ಯದ ಭಾಷೆ ಆಗಿರಲಿಲ್ಲ.

ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದರು. ನಮ್ಮ ಕಡೆಯವರಿಗೆ ಜೋಳ, ಸಜ್ಜೆ, ಹತ್ತಿ ಗೊತ್ತು. ಕಟ್ಟಿದ ನೀರಿನಲ್ಲಿ ಭತ್ತ ನಾಟಿ ಮಾಡುವುದು ಗೊತ್ತಿರಲಿಲ್ಲ. ಬಂದವರಿಗೆ ಅದು ಗೊತ್ತಿತ್ತು. ಎರೆ ಹೊಲ ಕೊಂಡು, ಗುಡಿಸಲು ಹಾಕಿ ಕೂತ ಜಾಗಗಳಿಗೆ ಕ್ಯಾಂಪು ಎಂದು ಹೆಸರಾಯಿತು. ಇಂದು ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪಿಲ್ಲದ ದಿಕ್ಕಿಲ್ಲ. ಮಸ್ಕಿ, ಲಿಂಗಸುಗೂರಿನ ಕಡೆ ಏರುತ್ತ ಹೋದಂತೆ ಗದ್ದೆ ಹೋಗಿ ಒಣ ಬೇಸಾಯ ಬರುತ್ತದೆ. ನಮ್ಮ ಶಾಲೆ ಇರುವುದು ಈ ಎರಡರ ನಡುವೆ. ಹಾಗಾಗಿ ನಮ್ಮ ತರಗತಿಯಲ್ಲಿ ಒಣ ಹೊಲದ ಹುಡುಗರೂ ಗದ್ದೆಯ ಹುಡುಗರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಬೆಂಚು ಒಂದೇ ಆದರೂ ನಡುವೆ ಒಂದು ಗೆರೆ ಇತ್ತು. 'ಕ್ಯಾಂಪಿನವರು' ಎಂಬ ಮಾತಿಗೆ ನಮ್ಮಲ್ಲಿ ಒಂದು ರಾಗ ಇತ್ತು. ಅದನ್ನು ಬರೆದು ತೋರಿಸಲಾಗದು, ಕೇಳಿದವರಿಗೆ ಗೊತ್ತು.

ನನ್ನ ಪಕ್ಕ ಕೂರುತ್ತಿದ್ದವನು ಕ್ಯಾಂಪಿನ ಹುಡುಗ. 1983ರ ಬೇಸಿಗೆಯಲ್ಲಿ ಸುಗ್ಗಿ ಮುಗಿದ ಮೇಲೆ ಅವರ ಕ್ಯಾಂಪಿನ ಹತ್ತಿರ ಟೂರಿಂಗ್ ಟಾಕೀಸು ಬಂತು. ಬಣ್ಣದ ತೆಳು ಕಾಗದದ ಹ್ಯಾಂಡ್‌ಬಿಲ್ಲು ತೂರುತ್ತ ಮೈಕು ಕಟ್ಟಿದ ಬಂಡಿ ಊರೂರು ತಿರುಗಿತು. ಸಂಜೆ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆಂದರೆ ಟಿಕೀಟು ಕೊಡಲು ಶುರುಮಾಡಿದರು ಎಂದರ್ಥ. 'ಪಾತಾಳ ಭೈರವಿ'ಗೆ ಸಂಗೀತ ಕೊಟ್ಟವರೂ ಇದೇ ಘಂಟಸಾಲರೇ. ಒಂದೇ ಪ್ರೊಜೆಕ್ಟರು, ರೀಲು ಬದಲಿಸುವಾಗೆಲ್ಲ ಕತ್ತಲೆ. ಮೂರು ಗಂಟೆ ಮೀರಿದ ಸಿನಿಮಾ ನಡುರಾತ್ರಿ ದಾಟಿ ಮುಗಿಯಿತು. ಮರಳಿನ ಮೇಲೆ ಕೂತ ನನಗೆ ತೆಲುಗು ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧವನ್ನು ಅವನು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಹೀಗಾಗಿ ನನ್ನ ನೆನಪಿನಲ್ಲಿ ಮಾಂತ್ರಿಕನಿಗೆ ಎರಡು ದನಿ. ಒಂದು ರಂಗರಾಯರ ಗುಡುಗು, ಇನ್ನೊಂದು ಕತ್ತಲೆಯಲ್ಲಿ ನನ್ನ ಕಿವಿಗೆ ಬಿದ್ದ ಆ ಪಿಸುಮಾತು.

ಮರುದಿನದಿಂದ ನಮ್ಮಿಬ್ಬರಿಗೂ ಮಾಂತ್ರಿಕನೇ ಆಟ. ಅವನು ನಗು ಕಲಿತ, ನಾನು ಮುಖ ಕಲಿಯಲು ಕೂತೆ. ಸಿನಿಮಾದಲ್ಲಿ ಮಾಂತ್ರಿಕ ಎಳೆಯರನ್ನು ಡಿಂಭಕಾ ಎಂದು ಕರೆಯುತ್ತಾನೆ. ಇಡೀ ತರಗತಿ ಒಬ್ಬರನ್ನೊಬ್ಬರು ಹಾಗೇ ಕರೆಯತೊಡಗಿತು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಏನೋ ಬೈಗುಳ ಇರಬೇಕು ಎಂದುಕೊಂಡು ಇನ್ನಷ್ಟು ಖುಷಿಯಿಂದ ಕರೆಯುತ್ತಿದ್ದೆವು. ಮಗು ಎಂಬಷ್ಟೇ ಅರ್ಥವಿದೆ ಎಂದು ಸಂಸ್ಕೃತ ಬಲ್ಲ ಗುರುಗಳು ಹೇಳಿದ ದಿನ ಎಲ್ಲರಿಗೂ ನಿರಾಸೆ.

ಮುಖ ಸುಲಭಕ್ಕೆ ಬರಲಿಲ್ಲ. ರಾಮುಡುವನ್ನು ಎಷ್ಟು ಸಲ ಬರೆದರೂ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು: ಚೆಂದದ ಮೂಗು, ಚೆಂದದ ಕಣ್ಣು, ಅಷ್ಟೇ. ಮಾಂತ್ರಿಕನಲ್ಲಿ ಕೆಲಸ ಬಹಳ. ಗಡ್ಡವೇ ಒಂದು ದಿನದ ಕೆಲಸ. ಕೊನೆಯಲ್ಲಿ ಅವನ ಗಡ್ಡ ಬೋಳಿಸುವಂತೆ ಮಾಡುತ್ತಾರಲ್ಲ, ಅದರ ಜೊತೆಗೇ ಅವನ ಶಕ್ತಿಯೂ ಹೋಯಿತು ಎಂದು ನಾವು ಹುಡುಗರು ನಂಬಿದ್ದೆವು. ಆದ್ದರಿಂದ ಗಡ್ಡದ ಒಂದು ಕೂದಲೂ ತಪ್ಪಬಾರದು. ನಮ್ಮಜ್ಜ ಹಿಂದೆ ದೊಡ್ಡಾಟದಲ್ಲಿ ರಾಕ್ಷಸ ವೇಷ ಕಟ್ಟಿದವರು. ನನ್ನ ಚಿತ್ರ ನೋಡಿ, "ಇದೆಂಥ ರಾಕ್ಷಸ್ನಲೇ? ಕಿರೀಟಿಲ್ಲ, ಭುಜಕೀರ್ತಿ ಇಲ್ಲ" ಎಂದರು. ಅವ ರಾಕ್ಷಸ ಅಲ್ಲಜ್ಜ, ಮಾಂತ್ರಿಕ ಎಂದೆ. "ಯಾರರ ಆಗವೊಲ್ಲನಾಕ, ಕೆಟ್ಟಾಂವ ಅಂದಮ್ಯಾಲ ಭುಜಕೀರ್ತಿ ಬೇಕು" ಎಂದರು. ಹೀಗೆ ನನ್ನ ನೇಪಾಳ ಮಾಂತ್ರಿಕನಿಗೆ ದೊಡ್ಡಾಟದ ಭುಜಕೀರ್ತಿ ಬಂತು. ತೋಳಿನ ಮಾಂಸಖಂಡ ಬಂದದ್ದು ಇನ್ನೊಂದು ಕಡೆಯಿಂದ. ಸಿಂಧನೂರಿನ ಹತ್ತಿರದ ಬಂಗಾಲಿ ನಿರಾಶ್ರಿತರ ಕ್ಯಾಂಪಿನಲ್ಲಿ ದಸರೆಗೆ ಮಣ್ಣಿನ ದುರ್ಗೆಯನ್ನು ಕೂಡಿಸುತ್ತಾರೆ. ಆ ದುರ್ಗೆಯ ಕಾಲಡಿಯ ಮಹಿಷಾಸುರನ ತೋಳುಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು ಬಂದಿದ್ದೆ.

ಬಣ್ಣದ ಜಗಳ ಬೇರೆ. ಸಿನಿಮಾ ಕಪ್ಪು ಬಿಳುಪು. ಮಾಂತ್ರಿಕನ ನಿಲುವಂಗಿ ಯಾವ ಬಣ್ಣದ್ದು? ಅವನು ಕೆಂಪು ಎಂದ, ನಾನು ಕಪ್ಪು ಎಂದೆ. ಅರಿಶಿಣಕ್ಕೆ ಸುಣ್ಣ ಕಲಸಿ ಕೆಂಪು, ಬಟ್ಟೆಗೆ ಹಾಕುವ ನೀಲಿ, ಅವರೆ ಎಲೆಯ ರಸ, ಇಷ್ಟೇ ನಮ್ಮ ಪೆಟ್ಟಿಗೆ. ಕೊನೆಗೆ ಅವನ ಮಾತೇ ನಡೆಯಿತು, ಯಾಕೆಂದರೆ ಕೆಂಪು ಮಾಡಲು ಖರ್ಚಿರಲಿಲ್ಲ.

ನಮಗೆ ಸಿಕ್ಕ ದೊಡ್ಡ ಗುರು 'ಚಂದಮಾಮ'. ಅದನ್ನು ನಡೆಸುತ್ತಿದ್ದವರೂ ಇದೇ ನಾಗಿರೆಡ್ಡಿ, ಚಕ್ರಪಾಣಿ. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ಕನ್ನಡದಲ್ಲೂ ಬಂತು. ಕನ್ನಡದ್ದು ನಮ್ಮ ಶಾಲೆಯ ಗ್ರಂಥಾಲಯದಲ್ಲಿತ್ತು, ತೆಲುಗಿನದು ಅವನ ಮನೆಯಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರಗಳು ಒಂದೇ, ಅಕ್ಷರ ಮಾತ್ರ ಬೇರೆ. ನಾನು ತೆಲುಗು ಓದಲು ಕಲಿತದ್ದು ಹೀಗೆ, ಅವನ ಕನ್ನಡ ಕಾಗುಣಿತ ಸುಧಾರಿಸಿದ್ದೂ ಹೀಗೇ. ಶಂಕರ್ ಅವರ ಬೇತಾಳ, ಚಿತ್ರಾ ಅವರ ಮಾಂತ್ರಿಕರು, ಎಂ.ಟಿ.ವಿ. ಆಚಾರ್ಯರ ಹಳೆಯ ಮುಖಪುಟಗಳು. ಬಟ್ಟೆಯ ನೆರಿಗೆ ಎಲ್ಲಿ ಬೀಳಬೇಕು, ನೆರಳಿಗೆ ಗೆರೆ ಹೇಗೆ ಒತ್ತೊತ್ತಾಗಿ ಹಾಕಬೇಕು ಎಂಬುದನ್ನು ಅಲ್ಲಿಂದ ನಕಲು ಮಾಡಿ ಮಾಡಿ ಕಲಿತೆ. ಸಿನಿಮಾದ ಕಲಾ ನಿರ್ದೇಶಕರಾಗಿದ್ದ ಮಾಧವಪೆದ್ದಿ ಗೋಖಲೆ, ಕಲಾಧರ್ ಇಬ್ಬರ ಹೆಸರು ಕೇಳಿದ್ದು ನಾನು ಶಿಕ್ಷಕನಾದ ಮೇಲೆ.

ಅದೇ ವರ್ಷ ರಾಜಕುಮಾರ್ ಹಿರಣ್ಯಕಶಿಪು ಆಗಿದ್ದ 'ಭಕ್ತ ಪ್ರಹ್ಲಾದ' ಬಂದಿತ್ತು. ಉಳಿದ ಹುಡುಗರೆಲ್ಲ ಹಿರಣ್ಯಕಶಿಪುವನ್ನು ಬರೆಯುತ್ತಿದ್ದರು. ಅಣ್ಣಾವ್ರು ಮಾಡಿದ ಮೇಲೆ ಅವನನ್ನು ಖಳನಾಯಕ ಎನ್ನಬಹುದೇ ಎಂದು ಊಟದ ಬಿಡುವಿನಲ್ಲಿ ದೊಡ್ಡ ವಾದವೇ ನಡೆಯಿತು. ಆಗಲೇ ಒಬ್ಬ ಅಂದ, "ನಿಂದು ಕ್ಯಾಂಪಿನ ಖಳನಾಯಕ ಬಿಡಲೇ." ನನಗೆ ಕೋಪ ಬಂತು. ದೊಡ್ಡದಾಗಿ, ಎಲ್ಲರೂ ಬಾಯಿ ಮುಚ್ಚುವ ಹಾಗೆ ಬರೆದು ತೋರಿಸಬೇಕು ಅನ್ನಿಸಿತು.

ಭಾನುವಾರ ಶಾಲೆಯಲ್ಲಿ ಯಾರೂ ಇರಲಿಲ್ಲ. ಸಿನಿಮಾ ಬೋರ್ಡು ಬರೆಯುವವರು ಮಾಡುವ ಹಾಗೆ ಗೋಡೆಗೆ ನೂಲು ಹಿಡಿದು ಚೌಕ ಹಾಕಿದೆ. ನೀರಿನ ಡ್ರಮ್ಮು ಮಗುಚಿ ಹಾಕಿ ಮೇಲೆ ನಿಂತೆ. ಮನೆಯ ಒಲೆಯ ಇದ್ದಿಲು, ಒಂದು ಚೀಲ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬರೆದೆ. ಇಳಿದು ದೂರ ನಿಂತು ನೋಡಿದಾಗ ಅವನು ನನ್ನನ್ನೇ ನೋಡಿ ನಗುತ್ತಿದ್ದ. ನಾಲ್ಕು ದಶಕದಿಂದ ಚಿತ್ರ ಬರೆಯುತ್ತಿದ್ದೇನೆ. ಅಷ್ಟು ಸಂತೋಷ ಮತ್ತೆ ಆದದ್ದು ಕಡಿಮೆ.

ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಚಿತ್ರದ ಕೆಳಗೆ ಯಾರೋ ಒಬ್ಬ ಮಾಸ್ತರರ ಅಡ್ಡಹೆಸರು ಬರೆದಿದ್ದರು. ಅಲ್ಲಿಗೆ ಚಿತ್ರ ಹೋಗಿ ಅಪರಾಧ ಆಯಿತು. ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ, ಬರೆದವರು ಮುಂದೆ ಬರಬೇಕು ಎಂದರು. ಯಾರೂ ಹೋಗಲಿಲ್ಲ. ಮಾಂತ್ರಿಕನ ನಗು ನಗುವವನು ಯಾರು ಎಂದು ಕೇಳಿದರು. ಸಾಲು ಸಾಲೇ ತಿರುಗಿ ನನ್ನ ಗೆಳೆಯನನ್ನು ನೋಡಿತು. ತೆಲುಗು ಸಿನಿಮಾ, ತೆಲುಗು ಹುಡುಗ. ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವನಿಗೆ ಎಲ್ಲರೆದುರು ಏಟು ಬಿದ್ದವು, ಅಪ್ಪನನ್ನು ಕರೆದುಕೊಂಡು ಬಾ ಎಂದರು. ಕೋರಿಗೆ ಹೊಲ ಮಾಡುತ್ತಿದ್ದ ಅವನಪ್ಪ ಗದ್ದೆಯ ಕೆಲಸ ಬಿಟ್ಟು ಬಂದು, ಕೈಕಟ್ಟಿ ನಿಂತು, ಸುಣ್ಣದ ಖರ್ಚು ಕೊಟ್ಟು ಹೋದರು.

ನಾನು ಅವನ ಹಿಂದೆ ಮೂರನೆಯವನಾಗಿ ನಿಂತಿದ್ದೆ. ಎಡಗೈಯನ್ನು ಚಡ್ಡಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ, ಉಗುರಿನ ಸಂದಿಯಲ್ಲಿ ಇನ್ನೂ ಇದ್ದಿಲಿತ್ತು. ಏಟು ತಿಂದು ವಾಪಸು ಬರುವಾಗ ಅವನು ಆ ಕಿಸೆಯನ್ನು ನೋಡಿದ. ಏನೂ ಅನ್ನಲಿಲ್ಲ. ಅಂದೂ ಅನ್ನಲಿಲ್ಲ, ಮುಂದೂ ಅನ್ನಲಿಲ್ಲ. ಆದರೆ ಬೇರೆ ಬೆಂಚಿಗೆ ಹೋಗಿ ಕೂತ.

ನಮ್ಮ ಡ್ರಾಯಿಂಗ್ ಸರ್ ಆ ವಾರ ರಜೆಯಲ್ಲಿದ್ದರು. ಬುಧವಾರ ಬಂದವರು ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಸಂಜೆ ನನ್ನನ್ನು ಕರೆದರು. "ಬಲಗೈಯಾಂವ ಗೆರಿ ಹಾಕಿದ್ರ ಒಂದು ಕಡೆ ವಾಲತಾವ, ಎಡಗೈಯಾಂವ ಹಾಕಿದ್ರ ಇನ್ನೊಂದು ಕಡೆ ವಾಲತಾವ. ಹೌದಿಲ್ಲೋ ತಮ್ಮಾ?" ಎಂದರು. ನನ್ನ ಬಾಯಿ ಒಣಗಿತು. ತರಗತಿಯಲ್ಲಿ ಎಡಗೈಯಲ್ಲಿ ಬರೆಯುವವನು ನಾನೊಬ್ಬನೇ. ಅವರು ಮುಂದೆ ಕೇಳಲಿಲ್ಲ, ಬೈಯಲಿಲ್ಲ. "ನಗು ಚಲೋ ಬಂದೈತಿ. ಕೆಟ್ಟಾಂವನ್ನ ಬರಿಯಾಕ ಎಲ್ಲಾರೂ ಹುಬ್ಬು ಗಂಟು ಹಾಕ್ತಾರ. ಅಂವ ನಕ್ಕೊಂತನ ಬರ್ತಾನ" ಎಂದು ಹೇಳಿ, ಒಂದು ಡ್ರಾಯಿಂಗ್ ಶೀಟು ಕೊಟ್ಟು, ಶಾಲೆಯ ವಸ್ತುಪ್ರದರ್ಶನಕ್ಕೆ ಅಶೋಕ ಚಕ್ರವರ್ತಿಯನ್ನು ಬರೆದುಕೊಂಡು ಬಾ ಎಂದರು.

ಅಶೋಕನ ಮುಖ ಹೇಗಿತ್ತು? ಪಾಠಪುಸ್ತಕದಲ್ಲಿ ಸಾರನಾಥದ ಸಿಂಹಗಳಿದ್ದವು, ಮುಖ ಇರಲಿಲ್ಲ. ನನ್ನ ಕೈಗೆ ಅಭ್ಯಾಸವಾಗಿದ್ದ ದೊಡ್ಡ ಮುಖ ಒಂದೇ. ಗಡ್ಡ ಕಡಿಮೆ ಮಾಡಿದೆ, ಕಿರೀಟ ಇಟ್ಟೆ, ನಗು ಅಳಿಸಿದೆ. ಎಷ್ಟು ಮಾಡಿದರೂ ಕಣ್ಣು ಮಾತ್ರ ಮಾಂತ್ರಿಕನವೇ ಉಳಿದವು. ಪ್ರದರ್ಶನದ ದಿನ ಒಬ್ಬರು ಹಿರಿಯರು, "ಇದು ಕಳಿಂಗ ಯುದ್ಧದ ಮೊದಲಿನ ಅಶೋಕ ಏನ್ರಿ?" ಎಂದು ಕೇಳಿದರು. ಡ್ರಾಯಿಂಗ್ ಸರ್ ನಗದೆ ಹೌದ್ರಿ ಎಂದರು.

ಜನವರಿಯಲ್ಲಿ ಮಸ್ಕಿಗೆ ಪ್ರವಾಸ. ಗುಡ್ಡದ ಬದಿಯ ಬಂಡೆಯ ಮುಂದೆ ನಮ್ಮನ್ನು ಕೂಡಿಸಿ ಇತಿಹಾಸದ ಗುರುಗಳು ಹೇಳಿದ್ದನ್ನು ನಾನು ಇಂದಿಗೂ ನನ್ನ ಮಕ್ಕಳಿಗೆ ಹೇಳುತ್ತೇನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕದ್ದು ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳು ಮಾತ್ರ. ರಾಜನ ಹೆಸರಿಲ್ಲ. ಪ್ರಿನ್ಸೆಪ್ ಮೊದಲು ಅವನ್ನು ಸಿಂಹಳದ ಒಬ್ಬ ರಾಜನ ತಲೆಗೆ ಕಟ್ಟಿದ. ಸಿಂಹಳದ ಹಳೆಯ ಗ್ರಂಥ ನೋಡಿ ಟರ್ನರ್ ಎಂಬವರು ಅದು ಅಶೋಕನೇ ಎಂದು ತಿದ್ದಿದರು. ಆದರೂ ಬಂಡೆಯೇ ಬಾಯಿಬಿಟ್ಟು ಹೇಳಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯಲ್ಲಿ ಈ ಶಾಸನ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಅಲ್ಲಿತ್ತು. ಮುಂದೆ ನದಿಯಾಚೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿದೆ.

ಎಲ್ಲರೂ ಬುತ್ತಿ ಬಿಚ್ಚಲು ಹೋದರು. ಡ್ರಾಯಿಂಗ್ ಸರ್ ನನ್ನ ಪಕ್ಕ ಕೂತು, ಬಂಡೆಯ ಕಡೆಗೇ ನೋಡುತ್ತ, "ನೋಡು, ಹೆಸರಿಲ್ಲದ್ದಕ್ಕ ಮತ್ತೊಬ್ಬ ರಾಜನ ತಲಿಗಿ ಬಂದಿತ್ತು" ಎಂದರು. ಅಷ್ಟೇ ಹೇಳಿದರು. ಎದ್ದು ಹೋಗಿ ಗೆಳೆಯನಿಗೆ ಹೇಳಬೇಕು ಎಂದುಕೊಂಡೆ. ಅವನು ಗುಡ್ಡದ ನೆರಳಿನಲ್ಲಿ ಉಳಿದವರಿಗೆ ಉಪ್ಪಿನಕಾಯಿ ಹಂಚುತ್ತಿದ್ದ. ನನ್ನ ಎಲೆಗೂ ಒಂದು ಹೋಳು ಹಾಕಿದ. ನಾನು ತಿಂದೆ, ಹೇಳಲಿಲ್ಲ.

ಅಶೋಕನ ಮುಖದ ವಿಷಯ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಭೀಮಾ ತೀರದಲ್ಲಿ, ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ದೊಡ್ಡ ಬೌದ್ಧ ಸ್ತೂಪವೊಂದನ್ನು ಅಗೆದು ತೆಗೆದರು. ಅಲ್ಲಿಯ ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದ ಸೇವಕಿಯರು. ಮೇಲೆ ಬ್ರಾಹ್ಮಿಯಲ್ಲಿ ರಾಜ ಅಶೋಕ ಎಂದು ಕೆತ್ತಿದೆ. ಅವನು ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ ಕೆತ್ತಿದ್ದು, ಎದುರು ಕೂಡಿಸಿಕೊಂಡು ಬರೆದ ಮುಖವಲ್ಲ. ಆದರೂ ಹೆಸರು ಹಾಕಿ ತೋರಿಸಿದ ಮುಖ. ನಾನು ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದೆ. ತಲೆಗೆ ಪೇಟ, ದುಂಡು ಮುಖ, ಗಡ್ಡ ಇಲ್ಲ. ನಮ್ಮ ಪ್ರದರ್ಶನದ ಅಶೋಕನಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಅಲ್ಲೇ ನಿಂತು ಒಬ್ಬನೇ ನಕ್ಕೆ, ಮಕ್ಕಳು ಏನ್ಸರ ಎಂದು ಕೇಳಿದರು.

ಡ್ರಾಯಿಂಗ್ ಸರ್ ಈಗಿಲ್ಲ. ಅಂದಿನ ಗೋಡೆಯೂ ಇಲ್ಲ, ಅಲ್ಲಿ ಹೊಸ ಕೊಠಡಿಗಳು ಬಂದಿವೆ. ಗೆಳೆಯನಿದ್ದಾನೆ. ಅದೇ ಕ್ಯಾಂಪಿನಲ್ಲಿ ಸ್ವಂತ ಗದ್ದೆ ಮಾಡಿಕೊಂಡಿದ್ದಾನೆ, ಮಕ್ಕಳು ಓದಿ ದೂರ ಹೋಗಿದ್ದಾರೆ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಿದ್ದ. ಬಿಳಿ ಗಡ್ಡ ಬಿಟ್ಟಿದ್ದಾನೆ, ಥೇಟ್ ಅವನೇ. ನನ್ನನ್ನು ಕಂಡವನೇ ದೂರದಿಂದ "ಡಿಂಭಕಾ!" ಎಂದು ಕೂಗಿ ಆ ನಗು ನಕ್ಕ. ಸಭೆಯಲ್ಲಿದ್ದ ಹಳಬರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬರು ಪಕ್ಕದ ಹೊಸ ಶಿಕ್ಷಕರಿಗೆ, "ಗ್ವಾಡಿ ಮ್ಯಾಲ ಮಾಂತ್ರಿಕನ್ನ ಬರೆದಾಂವ ಇವನರಿ" ಎಂದು ಪರಿಚಯ ಮಾಡಿಕೊಟ್ಟರು. ಅವನು ಅಲ್ಲ ಎನ್ನಲಿಲ್ಲ. ನನ್ನ ಕಡೆ ಒಂದು ಸಲ ನೋಡಿದ. ಸಂಚಿಕೆಗೆ ಏನು ಬರೆಯುತ್ತೀ ಎಂದು ಆಮೇಲೆ ಚಹಾ ಕುಡಿಯುವಾಗ ಕೇಳಿದ. ಇತಿಹಾಸ ಎಂದೆ.

ಶಾಲೆಯ ದಾಖಲೆಯಲ್ಲಿ ಹೀಗೆ ಸೇರಲಿ. 1983ರ ಡಿಸೆಂಬರಿನಲ್ಲಿ ಹಿಂದಿನ ಗೋಡೆಯ ಮೇಲೆ ನೇಪಾಳ ಮಾಂತ್ರಿಕನ ಚಿತ್ರ ಬರೆದವನು ನಾನು. ಕೆಳಗಿನ ಅಡ್ಡಹೆಸರು ನಾನು ಬರೆದದ್ದಲ್ಲ, ಅವನು ಬರೆದದ್ದೂ ಅಲ್ಲ. ಏಟು ತಿಂದವನು ಅವನು. ಸುಣ್ಣದ ಖರ್ಚು ಕೊಟ್ಟವರು ಅವನ ತಂದೆ, ಎಷ್ಟು ಎಂದು ನಾನು ಕೇಳಲೇ ಇಲ್ಲ.